ಮರುಳಸಿದ್ದಮ್ಮನ ತಲೆಕೆಳಗಿನ ಓದು

ಮಾಡದಕೆರೆಯ ಮರುಳಸಿದ್ದಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಓದುವವಳು, ಹೊಸದುರ್ಗದ ಸಂತೆಯಿಂದ ಬೆಲ್ಲ ಸುತ್ತಿ ತಂದ ಕಾಗದವನ್ನೂ ಬಿಡುತ್ತಿರಲಿಲ್ಲ. ಆದರೆ ಓದುತ್ತಿದ್ದುದು ಮಾತ್ರ ನೆಲದ ಮೇಲೆ ತಲೆಕೆಳಗಾಗಿ ಇಟ್ಟುಕೊಂಡು. ಹಾಗೆ ಓದುತ್ತಲೇ ನಗುವಳು, ಸೆರಗಿಗೆ ಮೂಗೊರೆಸುವಳು, ಸಾರು ಉಕ್ಕಿ ಒಲೆ ಆರಿದರೂ ಏಳಳು. ಅಮಲ್ದಾರರ ಕಚೇರಿಯ ಜವಾನ ಒಮ್ಮೆ, "ಯವ್ವಾ, ಪುಸ್ತಕ ತಲೆಕೆಳಗೈತೆ," ಅಂದದ್ದಕ್ಕೆ, "ಓದಾಕೆ ಬರಾದು ನಿನಗೋ ನನಗೋ? ಸುಮ್ಕೆ ಕುಂತ್ಕಳಪ್ಪ," ಎಂದು ಎರಡು ಪುಟ ಗಡಗಡನೆ ಓದಿ ಅವನ ಬಾಯಿ ಮುಚ್ಚಿಸಿದ್ದಳು. ಈ ಚಟ ಅಂಟಿದ್ದು ಏಳನೇ ವಯಸ್ಸಿಗೆ. ಜಗಲಿಯಲ್ಲಿ ಅಯ್ಯನವರು ಅಣ್ಣ ಮುರುಗಪ್ಪನಿಗೆ ಪಾಠ ಹೇಳುವಾಗ ಪಕ್ಕದಲ್ಲಿ ಹೆಣ್ಣುಮಗಳಿಗೆ ಜಾಗವಿರಲಿಲ್ಲ. ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತ, ಅಣ್ಣನ ಪುಸ್ತಕದ ಅಕ್ಷರಗಳನ್ನು ತಲೆಕೆಳಗಾಗಿಯೇ ಕಲಿತಳು. ಕಾಯಿ ಮುಗಿದರೆ ಏಳಬೇಕಾದೀತೆಂದು ಸುಲಿದ ಕಾಳನ್ನೇ ಸಿಪ್ಪೆಗೆ ತುಂಬಿ ಮತ್ತೆ ಸುಲಿಯುತ್ತಿದ್ದಳು. ಮೀಸೆ ನರೆತ ಮೇಲೂ ಮುರುಗಪ್ಪ, "ಲೇ ಸಿದ್ದಿ, ಇನ್ನಾದ್ರೂ ನೆಟ್ಟಗಿಟ್ಕಂಡು ಓದೇ, ಊರೋರು ನಗ್ತಾರೆ," ಎಂದರೆ, "ಅವತ್ತು ಪಕ್ಕದಾಗೆ ಕುಂಡ್ರಿಸ್ಕಂಡಿದ್ರೆ ಓದ್ತಿದ್ದೆ ಕಣಣ್ಣ," ಎನ್ನುತ್ತಿದ್ದಳು. ಅಂಥವಳು ಒಂದು ಮಧ್ಯಾಹ್ನ ಹಿತ್ತಲಲ್ಲಿ ಒಬ್ಬಳೇ ಕೂತು, ಪುಸ್ತಕ ನೆಟ್ಟಗೆ ಹಿಡಿದು ನೀರು ಕುಡಿದ ಹಾಗೆ ಓದುತ್ತಿರುವುದನ್ನು ಕಂಡು ಮುರುಗಪ್ಪ ದಂಗಾದ. ಅಷ್ಟರಲ್ಲಿ ಕೇರಿಯ ಮೂವರು ಹೆಣ್ಣುಮಕ್ಕಳು ಮಡಿಲ ತುಂಬ ಅವರೆಕಾಯಿ ತಂದು ಅವಳ ಎದುರಿಗೆ ಕೂತರು. ಮರುಳಸಿದ್ದಮ್ಮ ಪುಸ್ತಕವನ್ನು ನೆಲದ ಮೇಲಿಟ್ಟು, ಅವರ ಕಡೆಗೆ ನೆಟ್ಟಗೆ ತಿರುಗಿಸಿದಳು.