ಪಟ್ಟಿಯಲ್ಲಿಲ್ಲದ ಬಾವಿ

ಮಕ್ಕಳೇ, ಮರಾಠಿ ಸೀಮೆಯ ನಿಗಡಿಯಾಚೆ ನಾವು ಮೊದಲಿದ್ದ ಓಣಿಯ ಹಿಂದೆ ಕಬ್ಬಿಣದ ಸಾಮಾನಿಗೆ ಕ್ರೋಮ್ ಲೇಪಿಸುವ ಕಾರ್ಖಾನೆಯೊಂದಿತ್ತು. ಅದು ಮುಚ್ಚಿದ ಮೇಲೂ ಅದರ ವಿಷದ ಕೆಸರು ನೆಲದಲ್ಲೇ ಉಳಿದು ನಮ್ಮ ಬಾವಿಯ ನೀರು ಹಳದಿಯಾಯಿತು. ನಾನು ಮರಾಠಿ ಕಲಿತದ್ದು ಆ ಬಾವಿಕಟ್ಟೆಯಲ್ಲಿ, ಬಟ್ಟೆ ಒಗೆಯುತ್ತ. ಬಾವಿಗೆ ಬೇಲಿ ಹಾಕಿದ ಮೇಲೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪವಾಯಿತು.

ಕೊನೆಗೆ ಸರ್ಕಾರ ಜಾಗವನ್ನು ಶುಚಿ ಮಾಡುವುದು, ಕಾರ್ಖಾನೆಯವರು ಖರ್ಚು ಕೊಡುವುದು ಎಂದು ಕರಾರಾಯಿತು. ಸಹಿಗೆ ಮೊದಲು ಜನ ನೋಡಲೆಂದು ಕರಡನ್ನು ಹಂಚಿ, ಊರವರ ಸಭೆಯನ್ನೂ ಕರೆದರು. ಅದರ ಝೆರಾಕ್ಸ್ ಮಸುಕಾಗಿತ್ತು. ಗುಮಾಸ್ತರಾಗಿದ್ದ ನಿಮ್ಮ ಅಜ್ಜ ಓಣಿಯವರಿಗಾಗಿ ದಪ್ಪ ಅಕ್ಷರದಲ್ಲಿ ನಕಲು ಬರೆದರು. ಒಬ್ಬರು ಮೂಲ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಬೆರಳು ಸರಿಸಬೇಕು. ಅದು ಅವರ ಕಚೇರಿಯ ಪದ್ಧತಿ. ಹಳ್ಳಿ ಶಾಲೆಯ ಹಿಂದಿಯಿಂದ ಮರಾಠಿ ಅಕ್ಷರ ಗುರುತಿಸಬಲ್ಲ ನಾನು ಬೆರಳಿನವಳು. ಅವರು ಅಲ್ಪವಿರಾಮವನ್ನೂ ಬಾಯಿಬಿಟ್ಟು ಓದುವರು, ನನಗೆ ನಗು.

ಕೊನೆಯ ಪುಟದಲ್ಲಿ ಶುಚಿ ಮಾಡಬೇಕಾದ ಬಾವಿಗಳ ಪಟ್ಟಿ, ಒಂದೊಂದರ ಮುಂದೆ ಮಾಲೀಕರ ಹೆಸರು. ಪಟ್ಟಿ ಮುಗಿದರೂ ನನ್ನ ಬೆರಳು ಅಲ್ಲೇ ಇತ್ತು.

"ಯಾಕ, ನಿದ್ದಿ ಬಂತೇನು?"

"ನಮ್ಮ ಬಾವಿ ಎಲ್ಲದರೀ?"

"ನಕಲು ಸರಿ ಅದ ಇಲ್ಲೋ, ಅಷ್ಟ ನೋಡು."

"ನಕಲು ಸರಿ ಅದರೀ. ಬಾವೀನ ಇಲ್ಲ."

ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅದು ಎಲ್ಲರ ಬಾವಿ. ದಾಖಲೆಯಲ್ಲಿ ಯಾರ ಹೆಸರೂ ಇರಲಿಲ್ಲ, ಹಾಗಾಗಿ ಪಟ್ಟಿಗೂ ಬಂದಿರಲಿಲ್ಲ. ಹೀಗೇ ಸಹಿಯಾದರೆ ಅದನ್ನು ಯಾರೂ ಮುಟ್ಟುವುದಿಲ್ಲ.

"ಸಭಾದಾಗ ನೀನ ಹೇಳು."

"ನಾ ಒಲ್ಲೆರೀ!"

"ನಾ ಹೇಳಿದ್ರ ಬರೇ ಕಾಗದದ ಮಾತಾಗ್ತದ. ನೀರು ಸೇದಿದಾಕಿ ನೀನು."

ಸಭೆಯಲ್ಲಿ ಅಧಿಕಾರಿ ಆಕ್ಷೇಪಣೆ ಕೇಳಿದಾಗ ಸೆರಗು ಹಿಡಿದುಕೊಂಡು ಎದ್ದೆ. "ಆಮಚೀ ವಿಹೀರ..." ನಮ್ಮ ಬಾವಿ ಎನ್ನುವಷ್ಟಕ್ಕೇ ಮರಾಠಿ ಮರೆತುಹೋಯಿತು. ಉಳಿದದ್ದು ಕನ್ನಡದಲ್ಲೇ ಬಂತು. ಹಿಂದಿನಿಂದ ಪಕ್ಕದ ಮನೆಯ ಮುದುಕಿ, "ಬೋಲ್ ಗ ಬಾಯಿ, ಬೋಲ್!" ಮಾತಾಡೇ ತಾಯಿ ಎಂದು ನೂಕಿದಳು. ನಿಮ್ಮ ಅಜ್ಜ ನನ್ನ ಮಾತನ್ನು ಮರಾಠಿಯಲ್ಲಿ ತಿಳಿಸಿದರು.

ಬಾವಿ ಯಾರದೆಂದು ಅಧಿಕಾರಿ ಕೇಳಿದರು.

"ಆಮಚೀ!" ನಮ್ಮದು ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

ಕರಾರಿನಲ್ಲಿ ಒಂದು ಸಾಲು ಹೆಚ್ಚಾಯಿತು. ಶುಚಿ ಮಾಡಲು ವರ್ಷಗಳೇ ಹಿಡಿದವು. ನೀರು ಕುಡಿಯುವಂತಿಲ್ಲ, ಒಗೆಯಲು ಅಡ್ಡಿಯಿಲ್ಲ ಎಂದು ಬರೆದುಕೊಟ್ಟರು. ಅಷ್ಟರಲ್ಲಿ ಮನೆಮನೆಗೂ ನಲ್ಲಿ ಬಂದಿತ್ತು. ಬೇಲಿ ತೆಗೆದ ಬೆಳಿಗ್ಗೆ ನಮ್ಮಲ್ಲಿ ಕೊಳೆಬಟ್ಟೆಯೇ ಇರಲಿಲ್ಲ; ಒಗೆದು ಮಡಚಿಟ್ಟದ್ದನ್ನೇ ಬುಟ್ಟಿಗೆ ತುಂಬಿಕೊಂಡು ಎಲ್ಲರೂ ಬಾವಿಗೆ ಹೋದೆವು.