ವೆಲ್ಡರ್ ಮಾಮ ಮಾಡಿದ ಬಂಡಿ

ಅವರ ಬಲಗಣ್ಣಿಗೆ ಹುಬ್ಬಿರಲಿಲ್ಲ. ವೆಲ್ಡಿಂಗ್ ಕಿಡಿ ಹಾರಿ ಸುಟ್ಟುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಉಡುಪಿ ಕಡೆಯವರು, ಕುವೈತಿನ ಫಹಾಹೀಲ್‌ನ ವರ್ಕ್‌ಶಾಪೊಂದರಲ್ಲಿ ಕೆಲಸ. ಅಪ್ಪನ ಪರಿಚಯದವರು, ನನಗೆ ವೆಲ್ಡರ್ ಮಾಮ.

ನಾನು ಹುಟ್ಟಿ ಬೆಳೆದದ್ದೂ ಕುವೈತಿನಲ್ಲೇ. ತಾತನ ಮೈಸೂರನ್ನು ರಜೆಗಳಲ್ಲಷ್ಟೇ ಕಂಡವಳು. ಆದರೂ ಸ್ಕೆಲಿಟನ್ ಆಟದಲ್ಲಿ ಭಾರತದ ಪರ ಇಳಿಯುವ ಹಟ ಹಿಡಿದಿದ್ದೆ. ಸ್ಲೆಡ್ ಎಂಬ ಜಾರುಬಂಡಿ ತಳ್ಳುತ್ತ ಓಡಿ, ಅದರ ಮೇಲೆ ಬೋರಲು ಬಿದ್ದು, ತಲೆ ಮುಂದಾಗಿ ಮಂಜುಗಡ್ಡೆಯ ಕಾಲುವೆಯಲ್ಲಿ ಜಾರುವ ಆಟ. ಯೂರೋಪಿನಲ್ಲಿ ಓದುವಾಗ ಅಂಟಿದ ಹುಚ್ಚು. ಮನೆಗೆ ಬಂದಾಗ ಓಟದ ಅಭ್ಯಾಸಕ್ಕೆ ಚಕ್ರದ ಬಂಡಿ ಬೇಕಿತ್ತು. ಮಾಮನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ.

"ಇದಕ್ಕೆ ಬ್ರೇಕ್ ಎಲ್ಲುಂಟು ಮಾರಾಯ್ತಿ?"

"ಇಲ್ಲ ಮಾಮ."

"ಹುಚ್ಚಾ ನಿಂಗೆ?" ಎಂದವರು ಮರುವಾರವೇ ಬಂಡಿ ಮಾಡಿಕೊಟ್ಟರು.

ಶುಕ್ರವಾರ ಬೆಳಿಗ್ಗೆ ವರ್ಕ್‌ಶಾಪಿನ ಹಿಂದಿನ ಇಳಿಜಾರು ರಸ್ತೆ ಖಾಲಿ. ಮಾಮ ಅದರ ಕೊನೆಯಲ್ಲಿ ಹಳೆಯ ಟೈರು ಪೇರಿಸಿ "ಯಲ್ಲಾ!" ಎಂದು, ಹೊರಡು ಎಂಬುದಕ್ಕೆ ಅರಬ್ಬಿಯಲ್ಲೇ ಕೂಗುತ್ತಿದ್ದರು. ಅವರ ರೂಮಿನವರೆಲ್ಲ ಊರಿಗೆ ಫೋನ್ ಹಚ್ಚಿ ಕೂರುವ ಹೊತ್ತದು. ಹೆಂಡತಿ ತೀರಿಹೋದ ಮೇಲೆ ಮಾಮನ ಫೋನಿಗಾಗಿ ಕಾಯುವವರು ಊರಲ್ಲಿ ಇರಲಿಲ್ಲ.

ಒಮ್ಮೆ ಚಕ್ರದ ಬೆಸುಗೆ ಬಿಟ್ಟು ನನ್ನ ಗದ್ದ ಒಡೆಯಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಷ್ಟು ಹೊತ್ತೂ ಮಾಮ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ. ಮುಂದಿನ ಶುಕ್ರವಾರ ಹೊಸ ಬಂಡಿ ಸಿದ್ಧವಿತ್ತು. ಮಾಮನ ಎರಡೂ ಮೊಣಕೈ ತರಚಿತ್ತು. ಅರವತ್ತರ ಹತ್ತಿರದ ಮನುಷ್ಯ ಅದರ ಮೇಲೆ ತಾನೇ ಬೋರಲು ಮಲಗಿ ಇಳಿಜಾರಿನಲ್ಲಿ ಬಿಟ್ಟುಕೊಂಡಿದ್ದರು.

"ನಾನು ನೋಡಿಯಾಯ್ತು. ಇನ್ನು ನೀನು ಮಲಗಬಹುದು," ಎಂದರು.

ನನ್ನ ಮೊದಲ ಸ್ಪರ್ಧೆಯಲ್ಲಿ ಬೇರೆ ದೇಶದವರಿಗೆಲ್ಲ ಕೋಚ್, ಸ್ಲೆಡ್ ಹೊರುವವರು ಇದ್ದರು. ಬೆನ್ನ ಮೇಲೆ ದೇಶದ ಹೆಸರು ಹೊತ್ತ ನನ್ನೊಡನೆ ಆ ದೇಶದ ಇನ್ನೊಬ್ಬರಿರಲಿಲ್ಲ. ಕೊನೆಯ ಸ್ಥಾನ ಬಂತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅಳುತ್ತಲೇ ಮಾಮನಿಗೆ ಫೋನ್ ಮಾಡಿದೆ.

"ರೂಮಿನವರೆಲ್ಲ ಒಟ್ಟಿಗೆ ನೋಡಿದೆವು. ಮೂಳೆ ಎಲ್ಲ ಸರಿ ಉಂಟಾ?"

"ಉಂಟು ಮಾಮ. ಆದರೆ ಲಾಸ್ಟ್ ಬಂದೆ."

"ಕೊನೆಗೆ ಒಬ್ಬರು ಬರಲೇಬೇಕಲ್ಲ. ಖಲಾಸ್. ಹೋಗಿ ಊಟ ಮಾಡು."

ಆ ಬೇಸಿಗೆಯಲ್ಲಿ ಮಾಮ ಕೆಲಸದ ನಡುವೆ ಎದೆ ಹಿಡಿದುಕೊಂಡು ಕುಸಿದರಂತೆ. ದೇಹವನ್ನು ಊರಿಗೆ ಕಳಿಸಲು ವಿಮಾನ ನಿಲ್ದಾಣದ ಕಾರ್ಗೋ ವಿಭಾಗಕ್ಕೆ ನಾನೂ ಅಪ್ಪನೂ ಹೋದೆವು. ಅವರ ಪೂರ್ತಿ ಹೆಸರು ನನಗೆ ಗೊತ್ತಾದದ್ದು ಅಲ್ಲಿ, ಪೆಟ್ಟಿಗೆಗೆ ಅಂಟಿಸಿದ ಚೀಟಿಯಿಂದ.

ಚಳಿಗಾಲದ ಮುಂದಿನ ಸ್ಪರ್ಧೆಯಲ್ಲಿ ಎಂದಿನಂತೆ ಅರ್ಜಿ ಕೊಟ್ಟರು. 'ಕೋಚ್' ಎಂಬಲ್ಲಿ ಹಿಂದೆಲ್ಲ ಗೆರೆ ಎಳೆಯುತ್ತಿದ್ದೆ. ಈ ಸಲ ಆ ಹೆಸರನ್ನು ಅಕ್ಷರ ಅಕ್ಷರವಾಗಿ ತುಂಬಿದೆ.

"ಇವರು ಬಂದಿದ್ದಾರಾ?" ಮೇಜಿನ ಆಚೆಗಿದ್ದಾಕೆ ಕೇಳಿದಳು.

ಇಲ್ಲವೆಂದೆ. ಆಕೆ ಮುದ್ರೆ ಒತ್ತಿದಳು. ಸ್ಲೆಡ್ಡನ್ನು ಹೆಗಲಿಗೇರಿಸಿಕೊಂಡು, ಆರಂಭದ ಗೆರೆಯ ಕಡೆ ಒಬ್ಬಳೇ ಮೇಲೆ ನಡೆದೆ.