ಚಾಚಾ ಕೊರೆಯದೆ ಬಿಟ್ಟ ಮಾತು

ಮೌಲಾಲಿ ಚಾಚಾ ಕಲ್ಲಿಗೆ ಉಳಿ ಇಡುವ ಮೊದಲು ಕೊರೆಯಬೇಕಾದ ಮಾತಿನ ಅರ್ಥ ಕೇಳುತ್ತಿದ್ದರು. ಗಿರಾಕಿಗೆ ಗೊತ್ತಿಲ್ಲದಿದ್ದರೆ ಅಂಗಡಿಯ ಪಕ್ಕದ ಮನೆಯಲ್ಲಿದ್ದ ನನಗೆ ಕೂಗು ಬರುತ್ತಿತ್ತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲಿಗೂ ಬರವಿಲ್ಲ, ಅದರ ಮೇಲೆ ಹೆಸರು ಕೊರೆಯುವವರಿಗೂ ಬರವಿಲ್ಲ. ಆದರೆ ಇಂಗ್ಲಿಷ್ ಕಲಿಸುವ ನನ್ನನ್ನು ಒಲೆಯ ಮೇಲಿನ ಸಾರು ಬಿಟ್ಟು ಓಡಿಬರುವಂತೆ ಮಾಡುತ್ತಿದ್ದವರು ಇವರೊಬ್ಬರೇ.

“ಅರ್ಥ ತಿಳೀಲಾರ್ದೆ ಹೊಡಿಯಾಕ ಕೈ ಏಳಂಗಿಲ್ರಿ ಮೇಡಂ,” ಎನ್ನುತ್ತಿದ್ದರು.

ನಮ್ಮ ಕಡೆ ತೀರಿಹೋದವರ ಹೆಸರಿನಲ್ಲಿ ಬಸ್ ನಿಲ್ದಾಣಕ್ಕೋ ಶಾಲೆಗೋ ಕಲ್ಲಿನ ಬೆಂಚು ಕೊಡುವ ರೂಢಿಯಿದೆ. ಮೊದಲೆಲ್ಲ ‘ಸ್ಮರಣಾರ್ಥ’ ಎಂದರೆ ಸಾಕಿತ್ತು. ಆಮೇಲೆ ಎಲ್ಲರಿಗೂ ‘ಇನ್ ಮೆಮೊರಿ ಆಫ್’ ಬೇಕಾಯಿತು. ಹೀಗೆ ಕಲ್ಲಿನ ಮೇಲೆ ಬಂದರೆ ಅದು ಸತ್ತವರಿಗೇ, ಬದುಕಿರುವವರಿಗೆ ‘ಇನ್ ಆನರ್ ಆಫ್’ ಎಂದು ನಾನು ಚಾಚಾರಿಗೆ ಬಿಡಿಸಿ ಹೇಳಿದ್ದೆ. ಒಮ್ಮೆ ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ತರರಿಗೆಂದು ಹಳೆಯ ವಿದ್ಯಾರ್ಥಿಗಳು ‘ಇನ್ ಮೆಮೊರಿ ಆಫ್’ ಬರೆಸಲು ಬಂದರು. ಚಾಚಾ ಹಣೆ ಚಚ್ಚಿಕೊಂಡರು.

“ಅರೇ ಅಲ್ಲಾ! ನಿನ್ನೆ ಸಂಜೀಕ ನನ್ನ ಕೂಡ ಮಿರ್ಚಿ ತಿಂದಾನ ಆ ಮನಷ್ಯಾ. ಜೀವಂತ ಇದ್ದವಗ ಮಣ್ಣ ಕೊಡಾಕತ್ತೀರೇನ್ರೋ?”

ಆಡಕಿ ಊರಿನ ಮಲ್ಕಪ್ಪ ಬಂದ ದಿನ ಮಾತ್ರ ಯಾರೂ ನಗಲಿಲ್ಲ. ಜೊತೆಗೆ ಅವನ ಅತ್ತಿಗೆ ಶರಣಮ್ಮ ಇದ್ದಳು. ಅವಳ ಗಂಡ ಬಸವರಾಜ ದುಡಿಯಲೆಂದು ಮುಂಬೈಗೆ ಹೋದವನದು ವರ್ಷಗಳಿಂದ ಸುದ್ದಿಯಿಲ್ಲ. ಊರಿನ ಬಸ್ ನಿಲ್ದಾಣದಲ್ಲಿ ಅಣ್ಣನ ಹೆಸರು ಹಾಕಿಸೋಣ ಎಂದಷ್ಟೇ ಹೇಳಿ ಮಲ್ಕಪ್ಪ ಅವಳನ್ನು ಕರೆತಂದಿದ್ದ. ಅವನು ‘ಇನ್ ಮೆಮೊರಿ ಆಫ್’ ಎಂದದ್ದು ಕೇಳಿ ಚಾಚಾ ನನ್ನನ್ನು ಕರೆದು, ಅವಳಿಗೆ ತಿಳಿಯುವಂತೆ ಹೇಳಿರೆಂದರು. ಹೇಳಿದೆ.

ಶರಣಮ್ಮ ಮೈದುನನ ಕಡೆ ಕೈ ತೋರಿಸಿದಳು. “ನಾ ಹಣಿಮ್ಯಾಲಿನ ಕುಂಕುಮ ಅಳಿಸಿಲ್ರಿ. ಇವ್ರು ಕಲ್ಲಾಗ ಅಳಿಸಾಕ ಬಂದಾರೇನು?”

“ಎಷ್ಟಂತ ದಾರಿ ಕಾಯದು, ವೈನಿ? ಊರ ಮಂದಿ ಬಾಯಿ ಮುಚ್ಚಬೇಕಲ್ಲ,” ಎಂದ ಮಲ್ಕಪ್ಪ. ಅವನ ಕಣ್ಣೂ ತುಂಬಿತ್ತು.

ಚಾಚಾ ಉಳಿ ಕೆಳಗಿಟ್ಟರು. “ಕುಂದ್ರವ್ವ. ಬರೇ ಹೆಸರ್ ಹೊಡೀತೀನಿ, ಮ್ಯಾಲ ಜಾಗಾ ಬಿಟ್ಟಿರ್ತೀನಿ. ಖರೇ ಸುದ್ದಿ, ಖಬರ್ ಏನರೆ ಬಂದ್ರ ನೀನೇ ಬಂದು ಹೇಳು, ಆವಾಗ ನೋಡಾಮು. ಅಂವನೇ ಬಂದ್ರ, ಭೇಷ್, ಅದರ ಮ್ಯಾಲೇ ಕುಂದ್ರಲಿ.”

ಬೆಂಚು ಹಾಗೆಯೇ ಆಡಕಿಗೆ ಹೋಯಿತು.

ಈ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಉಳಿಯ ಸದ್ದಿಲ್ಲದೆ ನಮ್ಮ ಓಣಿ ನನಗೆ ಈಗಲೂ ಬೇಜಾರು. ಹೋದ ವಾರ ನನ್ನ ಮನೆಯ ಬಾಗಿಲ ಬಳಿ ಶರಣಮ್ಮ ನಿಂತಿದ್ದಳು. ಹಣೆ ಬೋಳಾಗಿತ್ತು.

“ಖಬರ್ ಬಂತ್ರಿ ಮೇಡಂ. ಚಾಚಾ ಎಲ್ಲಿ ಹೋಗ್ಯಾರ? ಅಂಗಡಿ ಮುಚ್ಯದಲ್ಲ?”

ಹೇಗೆ ಹೇಳಲಿ? ಹೇಳಿದೆ. ಬೇರೆ ಕೊರೆಯುವವರ ಬಳಿ ಕರೆದೊಯ್ಯುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿ ಮುಚ್ಚಿದ ಅಂಗಡಿಯ ಮುಂದೆ ಕುಳಿತಳು.

“ಊರಾಗ ಇನ್ನಾ ಅತ್ತಿಲ್ರಿ ನಾ. ಮೊದ್ಲ ಚಾಚಾಗ ಹೇಳಬೇಕಂತ ಬಂದಿದ್ದೆ,” ಎಂದವಳೇ, ಓಣಿಯೆಲ್ಲ ಕೇಳುವಂತೆ ಅಳತೊಡಗಿದಳು.